ಅಮ್ಮ ಹೆತ್ತ ಬಣ್ಣ

"ಕಿವಿ ತೋರ್ಸೇ, ಲೌಡಿ. ಕಿವಿ ಅಂದ್ರೆ ಮೂತಿ ತೋರಿಸ್ತೀಯಲ್ಲ."

ಗೇಟಿನವನು ಚಿಕ್ಕವಳ ಕಿವಿ ಹಿಡಿದು ಬಗ್ಗಿಸಿ, ಟಾರ್ಚು ಬಿಟ್ಟು ನೋಡಿದ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರೂ ಅಷ್ಟು ಹೊತ್ತು ನೋಡುವುದಿಲ್ಲ. ಕಿವಿಯ ಹಿಂದಿನ ಸಂದಿಯಲ್ಲಿ ಎಳ್ಳಿನಷ್ಟು ಕೆಂಪು ಉಳಿದಿತ್ತು. ಅವನಿಗೆ ಅಷ್ಟೇ ಸಾಕಾಯಿತು.

"ಹೋಗು, ಇನ್ನೊಂದ್ಸಲ ತಿಕ್ಕೊಂಡು ಬಾ. ನಿನ್ನೊಬ್ಬಳಿಂದ ನಾನು ಬೈಸ್ಕೋಬೇಕಾ?"

ಚಿಕ್ಕವಳು ಹಿತ್ತಲಿನ ತೊಳೆಯುವ ಕಟ್ಟೆಯ ಕಡೆಗೆ ತಿರುಗಿದಳು, ಅಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಮೊಣಕಾಲು ಹಿಡಿದು ಬಗ್ಗಿ ಕೆಮ್ಮಿದಳು. ಗೇಟಿನ ಬುಡದ ಸಿಮೆಂಟಿನ ಮೇಲೆ ಉಗುಳಿದಳು. ಉಗುಳು ಕೆಂಪಗಿತ್ತು.

"ನಿಮ್ಮಪ್ಪನ ಜಾಗ ಅಂತ ಉಗುಳಿದ್ಯೇನೇ? ಒರ್ಸು."

ಚಿಕ್ಕವಳು ಆಚೆ ಈಚೆ ಚಿಂದಿ ಹುಡುಕಿದಳು.

"ತಲೆ ಮೇಲಿರೋದೇನು, ಕಿರೀಟಾನಾ? ಬಿಚ್ಚಿ ಅದ್ರಲ್ಲೇ ಒರ್ಸು."

ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಚಿಕ್ಕವಳು ಕುಕ್ಕರಗಾಲಿನಲ್ಲಿ ಕೂತು ಒರೆಸಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಅವಳ ಅಕ್ಕ, ಶೆಡ್ಡಿನಲ್ಲೂ ಕೇರಿಯಲ್ಲೂ ದೊಡ್ಡವಳು ಎಂದೇ ಎಲ್ಲರೂ ಕರೆಯುವವಳು, ಆ ಬಟ್ಟೆಯನ್ನೇ ನೋಡುತ್ತಿದ್ದಳು. ಅದು ಪುಡಿಯೋ ರಕ್ತವೋ ಅವಳಿಗೆ ಗೊತ್ತಾಗಲಿಲ್ಲ. ಆ ಶೆಡ್ಡಿನಲ್ಲಿ ದುಡಿಯುವ ಅಷ್ಟೂ ಹೆಂಗಸರ ಉಗುಳು ಕೆಂಪೇ. ಇದು ಸಾಹುಕಾರನದು, ಇದು ನನ್ನದು ಎಂದು ವಿಂಗಡಿಸಿ ಉಗುಳಲು ಯಾರಿಗೆ ಬರುತ್ತದೆ.

ಬಣ್ಣ ಗೇಟು ದಾಟಬಾರದು ಎಂಬುದು ಅಲ್ಲಿನ ಕಾನೂನು. ಹೆಂಗಸರು ಕೆಂಪು ಮೈಯಲ್ಲೇ ಮನೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಆಗ ಬೀದಿಯವರು ಸಾಹುಕಾರನನ್ನು ಅಡ್ಡಗಟ್ಟಿ, ಒಳಗೆ ಏನಪ್ಪಾ ಮಾಡಿಸ್ತೀಯ, ಮನುಷ್ಯರನ್ನ ಕೊಯ್ಯಿಸ್ತೀಯಾ ಎಂದು ಕೇಳಿದ್ದರಂತೆ. ಅವನು ಹಿತ್ತಲಿನಲ್ಲಿ ತೊಳೆಯುವ ಕಟ್ಟೆ ಕಟ್ಟಿಸಿದ. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಮೈ ತಿಕ್ಕಿ, ಸೋಪಿನ ಪುಡಿ ಹಾಕಿ ಇನ್ನೊಮ್ಮೆ ತಿಕ್ಕಿ, ಕಿವಿ, ಹುಬ್ಬು, ಉಗುರು ತೋರಿಸಿ ಹೊರಗೆ ಹೋಗಬೇಕು. ಸೀಮೆಎಣ್ಣೆ ಸಾಹುಕಾರನದು, ಚರ್ಮ ಅವರವರದು.

ಒಳಗೆ ಯಾರನ್ನೂ ಕೊಯ್ಯುತ್ತಿರಲಿಲ್ಲ. ಒಳಗೆ ಹಬ್ಬ ತಯಾರಾಗುತ್ತಿತ್ತು, ಅದೂ ಯಾರದೋ ದೂರದೇಶದವರ ಹಬ್ಬ. ಅಂಗೈಯಗಲದ ಥರ್ಮಾಕೋಲಿನ ಚುಕ್ಕಿಗಳು, ಐದು ಮೂಲೆಯ ನಕ್ಷತ್ರಗಳು. ಒಬ್ಬಳು ಗೋಂದಿನಲ್ಲಿ ಅದ್ದಿ ಕೊಡುತ್ತಾಳೆ. ಇನ್ನೊಬ್ಬಳು ಕೆಂಪು ಪುಡಿ ತುಂಬಿದ ತೊಟ್ಟಿಯಲ್ಲಿ ಅದನ್ನು ಹೊರಳಿಸಿ, ಫಟ್ಟೆಂದು ಕೊಡವಿ ತಂತಿಗೆ ಸಿಕ್ಕಿಸುತ್ತಾಳೆ. ಕೊಡವಿದಾಗ ಎದ್ದ ಪುಡಿ ಸರಿಯಾಗಿ ಮೂಗಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಣಗಿದ ಮೇಲೆ ಮಿನುಗು ಉದುರಿಸಿ ಡಬ್ಬಿಗೆ ತುಂಬುತ್ತಾರೆ. ಡಬ್ಬಿಯ ಮೇಲೆ ನಗುವ ಗಂಡ, ನಗುವ ಹೆಂಡತಿ, ನಗುವ ಎರಡು ಮಕ್ಕಳ ಚಿತ್ರ.

ಈ ಚುಕ್ಕಿ ಯಾತಕ್ಕೆ ಎನ್ನುವುದು ಹೆಂಗಸರಿಗೆ ಬಹಳ ದಿನ ಬಗೆಹರಿಯಲಿಲ್ಲ. ಹೊಲದಲ್ಲಿ ಹಕ್ಕಿ ಓಡಿಸುವುದಕ್ಕೆ ಎಂದು ಒಬ್ಬಳು, ಅಲ್ಲಿಯ ಹಸುಗಳ ಕೊರಳಿಗೆ ಎಂದು ಇನ್ನೊಬ್ಬಳು. ಕೊನೆಗೆ ಮೇಸ್ತ್ರಿಯೇ ಹೇಳಿದ: ಅವರು ಇದನ್ನು ಗಿಡಕ್ಕೆ ಕಟ್ಟುತ್ತಾರೆ, ಹಬ್ಬ ಮುಗಿದ ಮೇಲೆ ಗಿಡವನ್ನೂ ಚುಕ್ಕಿಯನ್ನೂ ಎಸೆಯುತ್ತಾರೆ, ಮುಂದಿನ ವರ್ಷಕ್ಕೆ ಎತ್ತಿಡುವುದಕ್ಕಿಂತ ಹೊಸದು ಕೊಳ್ಳುವುದೇ ಅಗ್ಗ. ಆಗ ಚಿಕ್ಕವಳು ತೊಟ್ಟಿಯಿಂದ ತಲೆಯೆತ್ತಿ, "ಎಸ್ಯೋದೇ ಆದ್ರೆ ಇಲ್ಲೇ ಎಸ್ದುಬಿಡಣ ಬಿಡಿ, ಹಡಗಿನ ಬಾಡಿಗೆ ಉಳೀತದೆ" ಅಂದಿದ್ದಳು. ಶೆಡ್ಡಿಗೆ ಶೆಡ್ಡೇ ನಕ್ಕು, ಕೆಮ್ಮಿ, ಮತ್ತೆ ನಕ್ಕಿತ್ತು. ಅವಳ ಬಾಯಿಯೇ ಹಾಗೆ. ಸೂಜಿಯಷ್ಟು ಸಂದು ಸಿಕ್ಕರೂ ನಗೆಯ ದಾರ ತೂರಿಸಿಬಿಡುತ್ತಿದ್ದಳು.

ಶೆಡ್ಡಿನ ಗೋಡೆಯಲ್ಲಿ ಒಂದು ದೊಡ್ಡ ಫ್ಯಾನಿತ್ತು, ಒಳಗಿನ ಗಾಳಿಯನ್ನು ಹೊರಗೆ ಎಳೆದು ಹಾಕುವಂಥದ್ದು. ದೊಡ್ಡವಳು ತಂಗಿಯನ್ನು ಕೈಹಿಡಿದು ಕೆಲಸಕ್ಕೆ ಕರೆತಂದ ಹೊಸದರಲ್ಲಿ ಅದು ತಿರುಗುತ್ತಿತ್ತು. ಆಮೇಲೆ ಹೊರದೇಶದ ಗಿರಾಕಿಗಳು ಬಂದು, ಬೇರೆ ದೇಶದಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆ, ನೀನೂ ಇಳಿಸು ಅಂದರು. ಸಾಹುಕಾರ ಇಳಿಸಿದ. ಎಲ್ಲಿಂದ ಇಳಿಸುವುದು? ಥರ್ಮಾಕೋಲಿನವನು ಬಿಡುವುದಿಲ್ಲ, ಗೋಂದಿನವನು ಬಿಡುವುದಿಲ್ಲ. ಫ್ಯಾನು ಪುಡಿಯನ್ನು ಎಳೆದು ಹಿತ್ತಲಿಗೆ ಚೆಲ್ಲುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅವತ್ತೇ ಫ್ಯಾನು ನಿಂತಿತು. ಈಗ ಪುಡಿ ಎಲ್ಲಿಗೂ ಹೋಗುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಸಂಜೆ ಗುಡಿಸಿ, ಜರಡಿ ಹಿಡಿದು ಮತ್ತೆ ತೊಟ್ಟಿಗೆ ಸುರಿಯುತ್ತಾರೆ. ನೆಲಕ್ಕೆ ಬೀಳದ್ದು ಹೆಂಗಸರ ಎದೆಗೆ ಇಳಿಯುತ್ತದೆ. ಅದನ್ನೂ ಗುಡಿಸಿ ತೆಗೆಯುವ ಉಪಾಯ ಸಾಹುಕಾರನಿಗೆ ಇನ್ನೂ ಹೊಳೆದಿಲ್ಲ.

ಗಿರಾಕಿಗಳು ನೋಡಲು ಬಂದ ದಿನ ಮಾತ್ರ ಫ್ಯಾನು ತಿರುಗುತ್ತದೆ. ಅವತ್ತು ಎಲ್ಲರ ಬಾಯಿಗೂ ಬಿಳಿ ಬಟ್ಟೆ ಕಟ್ಟಿಸುತ್ತಾರೆ. ಅವರ ಕಾರು ಗೇಟು ದಾಟಿದ ಮೇಲೆ ಬಟ್ಟೆಗಳನ್ನು ವಾಪಸು ಪಡೆದು, ಒಗೆಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ.

ಗೇಟಿನ ಬಳಿ ತಂಗಿ ಉಗುಳು ಒರೆಸಿದ ಮರುದಿನ ದೊಡ್ಡವಳು ಮೇಸ್ತ್ರಿಯ ಮುಂದೆ ನಿಂತಳು. ಅಷ್ಟು ವರ್ಷದಲ್ಲಿ ಅವನನ್ನು ಏನನ್ನೂ ಕೇಳಿದವಳಲ್ಲ. ತಂಗಿಗೆ ರಾತ್ರಿಯೆಲ್ಲ ಉಸಿರು ಸಿಗುವುದಿಲ್ಲ, ಮಧ್ಯಾಹ್ನ ಒಂದಿಷ್ಟು ಹೊತ್ತಾದರೂ ಫ್ಯಾನು ಹಾಕಿಸಿ ಎಂದು ಕೇಳಿದಳು.

"ಫ್ಯಾನು ಬೇಕಾ? ಮಂಚ ಬೇಡ್ವಾ? ದಿಂಬು?" ಎಂದ ಮೇಸ್ತ್ರಿ. ದೊಡ್ಡವಳು ಅಲ್ಲಾಡಲಿಲ್ಲ. ಅವನು ತೊಟ್ಟಿಗೆ ಕೈಹಾಕಿ ಒಂದು ಚಿಟಿಕೆ ಪುಡಿ ತೆಗೆದು ಅಂಗೈ ಮೇಲಿಟ್ಟುಕೊಂಡ. ಅವಳ ಮುಖದ ಹತ್ತಿರಕ್ಕೆ ತಂದು ಉಫ್ ಎಂದು ಊದಿದ. "ತಗೋ ಗಾಳಿ. ಸಾಕಾ? ಇನ್ನೂ ಬೇಕಾ?"

ಹತ್ತಿರದಲ್ಲಿದ್ದ ಒಂದಿಬ್ಬರು ನಕ್ಕರು. ಮೇಸ್ತ್ರಿ ನಕ್ಕಾಗ ನಗದಿದ್ದರೆ ಮರುದಿನ ಕೆಲಸ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ದೊಡ್ಡವಳಿಗೂ ಗೊತ್ತಿತ್ತು. ಕಣ್ಣು ಉಜ್ಜಿಕೊಂಡು ತನ್ನ ಜಾಗಕ್ಕೆ ಹೋಗಿ ಚುಕ್ಕಿ ಅದ್ದತೊಡಗಿದಳು. ಅವಳಿಗೆ ಅವನ ಮೇಲೆ ಬಂದ ಸಿಟ್ಟಿಗಿಂತ, ಸುಮ್ಮನೆ ಬಂದೆನಲ್ಲ ಎಂದು ತನ್ನ ಮೇಲೆ ಬಂದ ಹೇಸಿಗೆಯೇ ಹೆಚ್ಚಾಗಿತ್ತು.

ಚಿಕ್ಕವಳು ಬಿದ್ದದ್ದು ಡಬ್ಬಿ ತುಂಬುವ ಅವಸರ ಜೋರಾಗಿದ್ದ ವಾರದಲ್ಲಿ. ತೊಟ್ಟಿಯ ಅಂಚು ಹಿಡಿದುಕೊಂಡೇ ಕುಸಿದಳು, ತೊಟ್ಟಿಯೂ ಅವಳ ಮೇಲೆ ಮಗುಚಿತು. ಮೇಸ್ತ್ರಿ ಮೊದಲು ತೊಟ್ಟಿ ಎತ್ತಿಸಿದ. ಆಮೇಲೆ ಅವಳ ಬಾಯಿಂದ ಬರುತ್ತಿದ್ದ ಶಬ್ದ ಕೇಳಿ ಬೆವತುಹೋದ. "ಇಲ್ಲಿ ಸಾಯ್ಬೇಡ ಕಣೇ ಮಾರಾಯ್ತಿ, ಎತ್ತಿ ಇವಳನ್ನ, ಹಿಂದ್ಗಡೆ ಬಾಗಿಲು ತೆಗೀರಿ" ಎಂದು ಕೂಗಿದ. ಡಬ್ಬಿ ಸಾಗಿಸುವ ತಳ್ಳುಗಾಡಿಯ ಮೇಲೆ ಹಾಕಿ, ತೊಳೆಯದೆ, ತಿಕ್ಕದೆ, ಕಿವಿ ನೋಡದೆ ಹೊರಗೆ ಕಳಿಸಿದರು. ಆ ಕಾನೂನು ಹುಟ್ಟಿದ ಮೇಲೆ ಬಣ್ಣದ ಸಮೇತ ಹೊರಗೆ ಹೋದವಳು ಅವಳೊಬ್ಬಳೇ.

ಮನೆ ಎಂದರೆ ಒಂದು ಕೋಣೆ. ಅಮ್ಮ ತೀರಿಕೊಂಡು, ದೊಡ್ಡವಳ ಗಂಡನೂ ಸತ್ತ ಮೇಲೆ ಅಕ್ಕತಂಗಿ ಇಬ್ಬರದೇ ಸಂಸಾರ. ಸೀಮೆಎಣ್ಣೆಯ ವಾಸನೆಗೇ ತಂಗಿಯ ಉಸಿರು ಕಟ್ಟುತ್ತಿದ್ದುದರಿಂದ ದೊಡ್ಡವಳಿಗೆ ಅವಳನ್ನು ತೊಳೆಯಲಾಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ಬಣ್ಣ ಹೋಗುವಂಥದ್ದಲ್ಲ. ಗೋಡೆಗೆ ಒರಗಿ ಕೂತ ಚಿಕ್ಕವಳು ಕಿಟಕಿಯ ಬೆಳಕಿಗೆ ತನ್ನ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಅಕ್ಕ, ನನ್ನ ಬಣ್ಣ ಯಾವ್ದಿತ್ತು? ನೆನಪಿದ್ಯಾ?"

"ಕಪ್ಪು ಕಣೇ. ಅಮ್ಮಂದೇ ಬಣ್ಣ. ಹೆತ್ತ ದಿನ ನಿನ್ನ ಎತ್ಕೊಂಡು, ಇದು ನನ್ನ ಕೂಸು, ಯಾರನ್ನೂ ಕೇಳ್ಬೇಕಾಗಿಲ್ಲ ಅಂದಿದ್ಲು."

"ನಂಗೆ ಮರ್ತೇ ಹೋಗಿತ್ತು." ಸ್ವಲ್ಪ ಹೊತ್ತು ಉಸಿರಿಗೆ ಕಾದು ಮತ್ತೆ ಹೇಳಿದಳು: "ನನ್ನ ತೊಳ್ದು ಕಳ್ಸು, ಅಕ್ಕ. ಈ ವೇಷದಲ್ಲಿ ಹೋದ್ರೆ ಅಮ್ಮಂಗೆ ಗುರ್ತು ಸಿಗಲ್ಲ. ಯಾವಳೇ ನೀನು ಅಂತಾಳೆ."

ಬಿಡ್ತು ಅನ್ನು ಎಂದು ದೊಡ್ಡವಳು ಗದರಿದಳು. ಚಿಕ್ಕವಳು ನಕ್ಕಳು. ಹಲ್ಲಿನ ಸಂದಿಗಳೂ ಕೆಂಪಗಿದ್ದವು.

ಶೆಡ್ಡಿಗೆ ವಾರದ ರಜೆಯಿದ್ದ ಸೋಮವಾರ ಬೆಳಗಾಗುತ್ತಲೇ ಅವಳ ಪ್ರಾಣ ಹೋಯಿತು. ರಜೆಯ ದಿನ ನೋಡಿಯೇ ಸತ್ತಳು, ಯಾರ ಕೂಲಿಯೂ ಹೋಗಬಾರದೆಂದು, ಅಂದಳು ಸುಣ್ಣದಜ್ಜಿ. ಅಜ್ಜಿ ಹರೆಯವನ್ನೆಲ್ಲ ಸುಣ್ಣದ ಗೂಡಿನಲ್ಲಿ ಸುಟ್ಟುಕೊಂಡು ಮುಪ್ಪಿಗೆ ಬಣ್ಣದ ಶೆಡ್ಡಿಗೆ ಬಂದವಳು.

ದೊಡ್ಡವಳು ಅಳುತ್ತ ಕೂರಲಿಲ್ಲ. ಇಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಬೀಗ ತಂಗಿಯ ಉಸಿರಿನ ಜೊತೆಗೇ ಬಿದ್ದುಹೋಗಿತ್ತು. ನೇರ ಕಾರ್ಮಿಕರ ಕಚೇರಿಗೆ ನಡೆದಳು. ಅಲ್ಲಿಯ ಸಾಹೇಬ ಚಹಾ ಕುಡಿಯುತ್ತಿದ್ದ. ತಂಗಿ ಚುಕ್ಕಿಯ ಶೆಡ್ಡಿನ ಪುಡಿ ಕುಡಿದು ಸತ್ತಿದ್ದಾಳೆ, ಫ್ಯಾನು ನಿಲ್ಲಿಸಿ ಕೊಂದಿದ್ದಾರೆ, ಇನ್ನೂ ನಾವೆಲ್ಲ ಅದೇ ಗಾಳಿಯಲ್ಲಿದ್ದೇವೆ ಎಂದಳು. ಸುಳ್ಳಾದರೆ ಬಂದು ನೋಡಿ, ಮೈ ತುಂಬ ಸಾಹುಕಾರನ ಬಣ್ಣವಿದೆ ಎಂದಳು. ಸಾಹೇಬ ಸಾವಧಾನವಾಗಿ ಕೇಳಿದ. ಆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು ಎನ್ನುವುದಕ್ಕೆ ಗುರುತು ಸಿಕ್ಕರೆ ಆಸ್ಪತ್ರೆಗೆ ಬರೆದು ಎದೆ ಕೊಯ್ಯಿಸಿ ನೋಡಬಹುದು, ಕಂಡದ್ದು ನಿಜವಾದರೆ ಫ್ಯಾನು ಹಾಕಿಸುವುದೇನು, ಶೆಡ್ಡಿಗೆ ಬೀಗವನ್ನೇ ಹಾಕಿಸಬಹುದು ಎಂದ. ಮಧ್ಯಾಹ್ನ ಬರುತ್ತೇನೆ, ಅಲ್ಲಿವರೆಗೆ ಮಣ್ಣು ಮಾಡಬೇಡಿ ಎಂದು ಹೇಳಿ ಕಳಿಸಿದ.

ಮಣ್ಣು ಮಾಡಬೇಡಿ ಅಂದಿದ್ದ. ತೊಳೆಯಬೇಡಿ ಎಂದು ಯಾರೂ ಹೇಳಿರಲಿಲ್ಲ.

ಕೇರಿಯ ಹೆಂಗಸರೆಲ್ಲ ಸೇರಿದ್ದರು, ಎಲ್ಲರೂ ಅದೇ ಶೆಡ್ಡಿನವರು. ಸಾಹೇಬರು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ ಅವರ ಕೈಗಳು ತಾವಾಗಿ ಚಿಂದಿ ಹುಡುಕಿದವು. ಹೊರಗಿನವರ ಕಣ್ಣಿಗೆ ಬೀಳುವ ಮುಂಚೆ ಮೈ ತಿಕ್ಕಿಕೊಳ್ಳಬೇಕು ಎನ್ನುವುದು ಅವರ ಕೈಗಳಿಗೆ ಹಿಡಿದುಹೋಗಿದ್ದ ಪಾಠ. ಅದರ ಮೇಲೆ ಸತ್ತವಳು, ನನ್ನ ತೊಳೆದು ಕಳಿಸಿ ಎಂದು ನೋಡಲು ಬಂದವರನ್ನೂ ಬಾಯಿಬಿಟ್ಟು ಕೇಳಿಕೊಂಡಿದ್ದಾಳೆ. ದೊಡ್ಡವಳು ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಸೀಮೆಎಣ್ಣೆಯ ಡಬ್ಬ, ಬಿಸಿನೀರಿನ ಬಕೀಟು, ಸೋಪಿನ ಪುಡಿ ಎಲ್ಲ ಬಂದಿದ್ದವು. ತಂಗಿ ಕೇಳಿಕೊಂಡದ್ದೊಂದೇ ಕಿವಿಯಲ್ಲಿದ್ದ ಅವಳೂ ಒಂದು ಚಿಂದಿ ಹಿಡಿದು ಕೂತಳು. ಇನ್ನು ತಂಗಿಗೆ ಉಸಿರು ಕಟ್ಟುವ ಭಯವಿರಲಿಲ್ಲ.

ಅಷ್ಟು ಚೆನ್ನಾಗಿ ಅವರು ಯಾವತ್ತೂ ತೊಳೆದಿರಲಿಲ್ಲ. ಕಟ್ಟೆಯ ಮೇಲೆ ದಿನಾ ಅವಸರ, ಗೇಟಿನವನ ಬೈಗುಳ. ಇಲ್ಲಿ ಕೈಗೊಬ್ಬರು, ಕಾಲಿಗೊಬ್ಬರು ಕೂತರು. ಸುಣ್ಣದಜ್ಜಿ ಸೂಜಿ ತಂದು ಒಂದೊಂದೇ ಉಗುರಿನ ಸಂದಿ ಬಿಡಿಸಿದಳು. ಒಬ್ಬಳು ಅಡುಗೆ ಎಣ್ಣೆ ಹಚ್ಚಿ ಹುಬ್ಬಿನ ಕೂದಲು ತೀಡಿದಳು. ಕಿವಿಯನ್ನು ದೊಡ್ಡವಳೇ ತೊಳೆದಳು, ಕಡ್ಡಿಗೆ ಬಟ್ಟೆ ಸುತ್ತಿ, ಒಳಗಿನ ಸುರುಳಿಯವರೆಗೆ. ಹಲ್ಲು ತಿಕ್ಕಿದರು. ಕೂದಲನ್ನು ಎಷ್ಟು ನೀರಿನಲ್ಲಿ ಜಾಲಿಸಿದರೋ ಲೆಕ್ಕವಿಲ್ಲ. ಕೆಂಪು ನೀರು ಚರಂಡಿಯಲ್ಲಿ ಹರಿದು, ತಿಳಿಯಾಗಿ, ಕೊನೆಗೆ ಬರೀ ನೀರಾಯಿತು. ಚರ್ಮದ ಅಡಿಯಲ್ಲಿ ಸದಾ ಉಳಿಯುತ್ತಿದ್ದ ಛಾಯೆಯೂ ಹೋಯಿತು. ಕಪ್ಪು ಹುಡುಗಿಯೊಬ್ಬಳು ಚಾಪೆಯ ಮೇಲೆ ಮಲಗಿದ್ದಳು. ಒಬ್ಬಳು, ಇವಳು ಇಷ್ಟು ಲಕ್ಷಣವಾಗಿದ್ಲಾ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದೊಡ್ಡವಳು ಆಗ ಅತ್ತಳು. ತಂಗಿಗಾಗಿ ತಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಇದು ಎಂದು ಅವಳಿಗೆ ಅನಿಸಿತ್ತು.

ಸಾಹೇಬ ಬಂದದ್ದು ಸಾಹುಕಾರನ ಕಾರಿನಲ್ಲಿ. ಜೊತೆಗೆ ಮೇಸ್ತ್ರಿ. ಸಾಹುಕಾರ ಬಾಗಿಲಲ್ಲೇ ಚಪ್ಪಲಿ ಬಿಟ್ಟ, ಯಾರದೋ ಮನೆಯ ಸಾವಿಗೆ ಬಂದ ದೊಡ್ಡ ಮನುಷ್ಯನ ಹಾಗೆ. ಸಾಹೇಬ ಬಗ್ಗಿ ಚಾಪೆಯ ಮೇಲಿನ ಹುಡುಗಿಯನ್ನು ನೋಡಿದ. ಕೈ ಎತ್ತಿಸಿ ಉಗುರು ನೋಡಿದ.

"ಮೈ ತುಂಬ ಬಣ್ಣ ಅಂದ್ಯಲ್ಲಮ್ಮ. ಎಲ್ಲಿದೆ?"

ದೊಡ್ಡವಳ ಕೈಯಲ್ಲಿ ಇನ್ನೂ ಆ ಚಿಂದಿಯಿತ್ತು. ಒಂದು ಗಳಿಗೆ ಅವಳಿಗೆ ಅವನ ಮಾತೇ ಅರ್ಥವಾಗಲಿಲ್ಲ. ಅರ್ಥವಾದಾಗ, ತೊಳೆದೆವು ಎಂದಳು. ಸಾಹೇಬರು ಬರುತ್ತಾರೆಂದು ತೊಳೆದೆವು, ಇದೇ ಚಿಂದಿಗಳು, ನೋಡಿ, ಎಷ್ಟು ಕೆಂಪಾಗಿವೆ ಎಂದು ಮೂಲೆಯ ರಾಶಿಯನ್ನು ಅವನ ಮುಂದೆ ಎಳೆದು ಹಾಕಿದಳು.

ಸಾಹುಕಾರ ಮೆಲ್ಲಗೆ ನಕ್ಕ. "ಬಣ್ಣ ಚಿಂದೀಲಿದೆ, ಹುಡುಗೀಲಿಲ್ಲ. ಹಾಗಾದ್ರೆ ನನ್ನ ಶೆಡ್ಡಲ್ಲಿ ಚಿಂದಿ ಕೆಲಸ ಮಾಡ್ತಿತ್ತು ಅಂತ ಬರ್ಕೊಳ್ಳಿ, ಸಾಹೇಬ್ರೆ."

ಸಾಹೇಬನೂ ನಕ್ಕ. ಆಮೇಲೆ ಹೆಂಗಸರ ಕಡೆ ತಿರುಗಿ, ಈ ಹುಡುಗಿಯನ್ನು ಶೆಡ್ಡಿನಲ್ಲಿ ಕಂಡವರು ಯಾರಾದರೂ ಇದ್ದೀರಾ ಎಂದು ಕೇಳಿದ. ಮೇಸ್ತ್ರಿ ಕೈಕಟ್ಟಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ತಾಸಿನ ಹಿಂದೆ ಅವಳ ಕೈಕಾಲು ತಿಕ್ಕಿದವರು ನೆಲ ನೋಡಿದರು. ಸಾಹೇಬ ಸುಣ್ಣದಜ್ಜಿಯನ್ನೇ ಕೇಳಿದ. ಅಜ್ಜಿಯ ಬೆರಳುಗಳಲ್ಲಿ ಸೂಜಿ ಇನ್ನೂ ಇತ್ತು.

"ನಂಗೆ ಕಣ್ಣು ಸರಿಯಾಗಿ ಕಾಣಲ್ಲ, ಸ್ವಾಮಿ" ಅಂದಳು ಅಜ್ಜಿ.

ದೊಡ್ಡವಳು ಸಾಹೇಬನ ಕಾಲಿಗೆ ಅಡ್ಡ ಕೂತಳು. "ಮೇಲ್ಗಡೆ ಇಲ್ಲ, ಸಾಹೇಬ್ರೆ, ತಪ್ಪಾಯ್ತು. ಒಳಗೆ ನೋಡ್ಸಿ. ಒಳಗೆ ನಾವು ತೊಳ್ದಿಲ್ಲ."

"ಒಳಗೆ ನೋಡ್ಬೇಕು ಅಂದ್ರೆ ಹೊರಗೆ ಗುರುತಿರಬೇಕು" ಎಂದ ಸಾಹೇಬ. "ಗುರುತಿಲ್ಲದೆ ಹಾದೀಲಿ ಹೋಗೋರನ್ನೆಲ್ಲ ಕೊಯ್ತಾ ಕೂರೋಕೆ ಆಸ್ಪತ್ರೆ ಏನು ಕಟುಕರ ಅಂಗಡಿಯಾ? ಮಣ್ಣು ಮಾಡಿ."

ಕಾರು ಹೋಯಿತು. ಸಂಜೆಯೊಳಗೆ ಮಣ್ಣು ಮಾಡಿದರು. ತೊಳೆದು, ಕಪ್ಪಗೆ, ಅಮ್ಮನಿಗೆ ಗುರುತು ಸಿಗುವ ಹಾಗೆ. ಅಮ್ಮನಿಗೆ ಸಿಗುವ ಗುರುತು ಸರ್ಕಾರಕ್ಕೆ ಸಿಗುವುದಿಲ್ಲ ಎನ್ನುವುದು ದೊಡ್ಡವಳಿಗೆ ಗೊತ್ತಿರಲಿಲ್ಲ. ಸುಣ್ಣದಜ್ಜಿ ಬಾಗಿಲಿಗೆ ಬಂದು, ನನ್ನ ನಾಲಿಗೆ ಬಿದ್ದುಹೋಗ ಎಂದು ಎದೆ ಗುದ್ದಿಕೊಂಡಳು. ದೊಡ್ಡವಳು ಬಯ್ಯಲಿಲ್ಲ, ಒಳಗೆ ಕರೆಯಲೂ ಇಲ್ಲ.

ಮರುದಿನ ಬೆಳಗ್ಗೆ ಅವಳು ಶೆಡ್ಡಿನ ಮುಂದೆ ನಿಂತಿದ್ದಳು. ಮೇಸ್ತ್ರಿಗೆ ಒಳಗೊಳಗೇ ಖುಷಿಯಾಯಿತು. ಮಾಲು ಹಡಗಿಗೆ ಹೋಗುವ ಅವಸರ, ಕೈ ಸಾಲದು. ಬುದ್ಧಿ ಬಂತಾ ಎಂದು ಕೇಳಿದ. ಬಂತು ಎಂದಳು. ಹೋಗಿ ತಂಗಿಯ ತೊಟ್ಟಿಯ ಮುಂದೆಯೇ ಕೂತಳು.

ಅವತ್ತು ಅವಳು ಕೆಲಸ ಮಾಡಿದ ರೀತಿ ನೋಡಿ ಪಕ್ಕದವರು ಕೈ ನಿಲ್ಲಿಸಿದರು. ಮೊಣಕೈಯವರೆಗೆ ತೋಳನ್ನು ಪುಡಿಯಲ್ಲಿ ಅದ್ದಿ ಚುಕ್ಕಿ ಹೊರಳಿಸುತ್ತಿದ್ದಳು. ತಲೆಯ ಬಟ್ಟೆಯನ್ನು ತೊಟ್ಟಿಗೆ ಹಾಕಿ, ತಿರುವಿ, ಮತ್ತೆ ಸುತ್ತಿಕೊಂಡಳು. ಕೊಡವಿದ ಪುಡಿಗೆ ಮುಖ ತಿರುಗಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ಬಿಳಿ ಬಿಟ್ಟರೆ ಅವಳಲ್ಲಿ ಬೇರೆ ಬಣ್ಣವೇ ಉಳಿದಿರಲಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಡಬ್ಬಿ ತುಂಬಿದ ಲಾರಿಗಾಗಿ ಗೇಟು ತೆರೆಯಿತು. ಲಾರಿಯ ಪಕ್ಕದಲ್ಲಿ ಅವಳೂ ನಡೆದು ಬಂದಳು. ಗೇಟಿನವನು ಮೊದಲು ನೋಡಿದ್ದು ಲಾರಿಯನ್ನು. ಆಮೇಲೆ ಇವಳನ್ನು ನೋಡಿ ಅಡ್ಡ ಹಾರಿದ.

"ಎಲ್ಲಿಗೇ ಹೋಗ್ತಿದ್ದೀಯ ಮುಂಡೆ, ಈ ಮೈಯಲ್ಲಿ? ಹೋಗು, ತಿಕ್ಕೊಂಡು ಬಾ."

"ತಿಕ್ಕಲ್ಲ."

"ತಿಕ್ದೆ ಬಿಡಲ್ಲ."

"ಹಿಡ್ಕೋ ಹಾಗಾದ್ರೆ."

ಅವನು ಕೈಚಾಚಿದ. ಅವನ ಬಿಳಿ ಸಮವಸ್ತ್ರ ಅವತ್ತಷ್ಟೇ ಇಸ್ತ್ರಿಯಾಗಿತ್ತು. ಚಾಚಿದ ಕೈ ಅವಳಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತು. ಅಷ್ಟು ವರ್ಷ ಹೆಂಗಸರ ಕಿವಿ ಹಿಂಡಿದವನಿಗೆ ತೊಳೆಯದ ಮೈ ಮುಟ್ಟಿ ಅಭ್ಯಾಸವಿರಲಿಲ್ಲ. ದೊಡ್ಡವಳು ಆ ಗೇಣು ಸಂದಿಯಲ್ಲೇ ದಾಟಿ ಹೊರಗೆ ಹೋದಳು.

ಹಿಂದಿನಿಂದ ಬುತ್ತಿಯ ಮುಚ್ಚಳ ಬಿದ್ದ ಸದ್ದಾಯಿತು. ಸುಣ್ಣದಜ್ಜಿ ಎದ್ದಿದ್ದಳು. ಸೊಂಟ ಹಿಡಿದುಕೊಂಡು ಗೇಟಿನ ಕಡೆಗೆ ಬಂದಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೂ ಕೆಲವರು. ಎಲ್ಲರೂ ಬಂದರು ಎಂದರೆ ಸುಳ್ಳಾಗುತ್ತದೆ. ಬಂದವರಿಗಿಂತ ಕೂತವರೇ ಹೆಚ್ಚು. ಆದರೆ ಬಂದವರಲ್ಲಿ ಒಬ್ಬಳೂ ಕಟ್ಟೆಯ ಕಡೆ ನೋಡಲಿಲ್ಲ. ಮೇಸ್ತ್ರಿ ಒಳಗಿನಿಂದ ಕೂಗುತ್ತಿದ್ದ ಬೈಗುಳ ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.

ಬೀದಿ ನಿಂತು ನೋಡಿತು. ಅಂಗಡಿಯವನೊಬ್ಬ ತಕ್ಕಡಿ ಕೆಳಗಿಟ್ಟ. ಯಾರೋ ಅಪಘಾತವೇ ಎಂದು ಕೇಳಿದರು. ಹೌದು, ದಿನಾ ಆಗ್ತದೆ ಎಂದಳು ಸುಣ್ಣದಜ್ಜಿ.

ಕಾರ್ಮಿಕರ ಕಚೇರಿಯ ಸಾಹೇಬನ ಕೋಣೆಯಲ್ಲಿ ತಲೆಯ ಮೇಲೆ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಮೇಜಿನ ಮೇಲೆ ಚಹಾ. ಬಾಗಿಲಿನ ಜವಾನ ತಡೆಯುವ ಮುಂಚೆ ಹೆಂಗಸರು ಒಳಗೆ ಬಂದಾಗಿತ್ತು. ಕೆಲವರು ಕುರ್ಚಿಗಳಲ್ಲಿ ಕೂತರು, ಉಳಿದವರು ನೆಲದ ಮೇಲೆ. ಕೊನೆಗೆ ಬಂದ ಅಜ್ಜಿ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಯಾರು ನೀವೆಲ್ಲ?" ಎಂದ ಸಾಹೇಬ. ನಿನ್ನೆ ಕಂಡ ಮುಖಗಳು ಅವನಿಗೆ ಗುರುತು ಸಿಗಲಿಲ್ಲ.

"ಗುರುತು ಕೇಳಿದ್ರಲ್ಲ, ತಂದಿದ್ದೀವಿ" ಎಂದಳು ದೊಡ್ಡವಳು.

ಅಷ್ಟರಲ್ಲಿ ಫ್ಯಾನಿನ ಗಾಳಿ ತನ್ನ ಕೆಲಸ ಶುರುಮಾಡಿತ್ತು. ಹೆಂಗಸರ ಕೂದಲಿನಿಂದ, ಹೆಗಲಿನಿಂದ, ಬಟ್ಟೆಯ ಮಡಿಕೆಗಳಿಂದ ಪುಡಿ ಸಣ್ಣಗೆ ಎದ್ದಿತು. ಚಹಾದ ಕೆನೆಯ ಮೇಲೆ ಕೂತಿತು. ಕಡತಗಳ ಮೇಲೆ, ಸಾಹೇಬನ ಕನ್ನಡಕದ ಮೇಲೆ, ಬಿಳಿ ಅಂಗಿಯ ಕಾಲರಿನ ಮೇಲೆ ಕೂತಿತು. ಅವನು ಕೈಯಿಂದ ಒರೆಸಿದ, ಅದು ಬಳಿದ ಹಾಗಾಯಿತು. ಫ್ಯಾನು ಆರಿಸಿ, ಯಾರಲ್ಲಿ, ಫ್ಯಾನು ಆರಿಸಿ ಎಂದು ಕೂಗಿದ. ಜವಾನ ಬಾಗಿಲು ತಳ್ಳಿದ. ಬಾಗಿಲು ಅಜ್ಜಿಯನ್ನು ತಳ್ಳಲಾರದೆ ಹಿಂದೆ ಸರಿಯಿತು.

ಸಾಹೇಬ ತಾನೇ ಎದ್ದು ಸ್ವಿಚ್ಚಿನ ಕಡೆ ಬಂದ. ಸ್ವಿಚ್ಚಿಗೆ ಬೆನ್ನು ಹಚ್ಚಿ ದೊಡ್ಡವಳು ನಿಂತಿದ್ದಳು.

"ನಮಗೆ ಹಾಕಕ್ಕೆ ಬಿಡ್ಲಿಲ್ಲ. ನಿಮಗೆ ಆರ್ಸಕ್ಕೆ ಬಿಡಲ್ಲ."

ಹಿಂದೆ ಕೈಚಾಚಿ ಫ್ಯಾನಿನ ವೇಗದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಫ್ಯಾನು ಗುಂಯ್ ಎಂದಿತು. ಅವಳು ತಲೆಯ ಬಟ್ಟೆ ಬಿಚ್ಚಿ, ಎರಡು ತುದಿ ಹಿಡಿದು, ಚುಕ್ಕಿ ಕೊಡವುವ ಹಾಗೆ ಫಟ್ಟೆಂದು ಕೊಡವಿದಳು. ಒಬ್ಬೊಬ್ಬರಾಗಿ ಉಳಿದವರೂ ಬಿಚ್ಚಿ ಕೊಡವಿದರು. ಕಿಟಕಿಯ ಬೆಳಕು ಕೆಂಪಾಯಿತು. ಹೆಂಗಸರು ಕೆಮ್ಮತೊಡಗಿದರು. ಅವರ ಕೆಮ್ಮು ಹಳೆಯದು, ಅದಕ್ಕೊಂದು ಅಭ್ಯಾಸವಿತ್ತು. ಸಾಹೇಬನ ಕೆಮ್ಮು ಹೊಸದು. ಅವನು ಮೇಜು ಹಿಡಿದುಕೊಂಡ, ಮೊಣಕಾಲು ಹಿಡಿದುಕೊಂಡ, ಗೇಟಿನ ಬಳಿ ಚಿಕ್ಕವಳು ಬಗ್ಗಿದ ಹಾಗೆಯೇ ಬಗ್ಗಿದ.

ಬಾಗಿಲಾಚೆ ಜನ ಸೇರಿದ ಸದ್ದು, ಬೂಟುಗಳ ಸದ್ದು. ಯಾರೋ ಬಾಗಿಲು ಒದೆಯತೊಡಗಿದರು. ಒದ್ದಾಗಲೆಲ್ಲ ಸುಣ್ಣದಜ್ಜಿ ಮುಂದಕ್ಕೆ ಜರುಗಿ, ಮತ್ತೆ ಹಿಂದಕ್ಕೆ ಒರಗಿ ಕೂರುತ್ತಿದ್ದಳು.

ಸಾಹೇಬ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡು ಉಗುಳಿದ. ಬಿಡಿಸಿ ನೋಡಿದ. ಕೆಂಪಗಿತ್ತು. ಅದನ್ನೇ ನೋಡುತ್ತ ನಿಂತ. ಪುಡಿಯೋ ರಕ್ತವೋ ಅವನಿಗೆ ಗೊತ್ತಾಗಲಿಲ್ಲ. ತಲೆಯೆತ್ತಿ, ಮೊದಲ ಸಲ, ಏನೋ ಕೇಳುವವನ ಹಾಗೆ ದೊಡ್ಡವಳ ಮುಖ ನೋಡಿದ.

"ಹೆದರ್ಕೋಬೇಡಿ, ಸಾಹೇಬ್ರೆ" ಎಂದಳು ದೊಡ್ಡವಳು. "ಮನೆಗೆ ಹೋಗಿ ಸೀಮೆಎಣ್ಣೆ ಹಾಕಿ ತಿಕ್ಕೊಳ್ಳಿ. ಮೇಲಿನದೆಲ್ಲ ಹೋಗ್ತದೆ."